ದೊಡ್ಡಮ್ಮನಿಗೆ ನಿದ್ದೆ ಬರುವ ಜಾಗಗಳು

ನಮ್ಮ ದೊಡ್ಡಮ್ಮನಿಗೆ ನಿದ್ದೆ ಬರಬೇಕಾದರೆ ಸುತ್ತ ಗುರುತು ಪರಿಚಯವಿಲ್ಲದ ಹತ್ತು ಜನ ಗೊರಕೆ ಹೊಡೆಯುತ್ತಿರಬೇಕು! ಸುಳ್ಳಲ್ಲ ಕಣ್ರೀ. ಟಿ. ನರಸೀಪುರದಲ್ಲಿ ತಾರಸಿ ಮನೆಯಿದೆ, ಅದರಲ್ಲಿ ಅವರದೇ ಕೋಣೆಯಿದೆ, ಕೋಣೆಯಲ್ಲಿ ಮಗ ಮೈಸೂರಿನಿಂದ ಹೊರಿಸಿ ತಂದ ಮೆತ್ತನೆಯ ಹಾಸಿಗೆಯಿದೆ. ಅದರ ಮೇಲೆ ಈಗ ಮಡಚದ ಬಟ್ಟೆಗಳು ಸುಖವಾಗಿ ಮಲಗುತ್ತವೆ. ದೊಡ್ಡಮ್ಮ ಚಾಪೆ ಸುತ್ತಿಕೊಂಡು ನಡುಮನೆಗೆ, ಮೊಮ್ಮಕ್ಕಳ ನಡುವೆ. ಕೇಳಿದರೆ, "ಒಬ್ಬಳೇ ಬಿದ್ದಿರಕ್ಕೆ ನಾನೇನು ಅಕ್ಕಿ ಮೂಟೇನಾ?"

ಮದುವೆಯೆಂದರೆ ನಮಗೆ ಊಟ, ಸೀರೆ, ಅವರಿಗೆ ಛತ್ರ! ದೂರದೂರಿನಲ್ಲಿ ಒಂದು ಮದುವೆಗೆ ಹೋದಾಗ ಹೆಣ್ಣಿನವರು ಪಾಪ, ವಯಸ್ಸಾದವರೆಂದು ಲಾಡ್ಜಿನಲ್ಲಿ ರೂಮು ಮಾಡಿದ್ದರು. ದೊಡ್ಡಮ್ಮ ಮೆಟ್ಟಿಲನ್ನೇ ಹತ್ತಲಿಲ್ಲ.

"ಲಾಡ್ಜು ಅಂದ್ರೆ ಬಾಗ್ಲು ಆಕ್ಕೊಂಡು ಮಲಗೋ ಜಾಗ. ನಾನೇನು ಕದ್ದು ಬಂದಿದೀನಾ?"

ಛತ್ರದ ಹಾಲಿನಲ್ಲಿ ಗಂಡಿನ ಕಡೆಯ ಹೆಂಗಸರ ನಡುವೆ ಜಮಖಾನದ ಮೇಲೆ ಜಾಗ ಹಿಡಿದರು. ಬೆಳಗ್ಗೆ ಧಾರೆಯ ಹೊತ್ತಿಗೆ ಬೀಗರೆಲ್ಲ ಹೆಣ್ಣಿನ ತಾಯಿಯನ್ನು ಬಿಟ್ಟು ಇವರನ್ನು ಕೇಳಿ ಶಾಸ್ತ್ರ ಮಾಡುತ್ತಿದ್ದರು. ನಾವೋ, ಆ ಮದುವೆಗೆ ಬರೀ ಪಕ್ಕದ ಮನೆಯವರ ಲೆಕ್ಕದಲ್ಲಿ ಹೋದವರು!

ಇನ್ನೊಮ್ಮೆ ಒಂದು ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದೆವು. ಕೌಂಟರಿನವನು, "ರೂಮಿಲ್ಲಮ್ಮ, ಡಾರ್ಮೆಟ್ರಿ ಐತೆ," ಎಂದ. ದೊಡ್ಡಮ್ಮನ ಕಿವಿಗೆ ಅದು 'ಧರ್ಮೆಟ್ರಿ' ಎಂದೇ ಬಿತ್ತು. ಎಂಥ ಪುಣ್ಯದ ಹೆಸರು! ಅವನು ಬಾಡಿಗೆ ಕೇಳಿದಾಗ ಮಾತ್ರ ರೇಗಿತು.

"ಧರ್ಮ ಅಂತ ಎಸ್ರಿಟ್ಕೊಂಡು ದುಡ್ಡು ಕೇಳ್ತೀಯಲ್ಲಪ್ಪಾ!"

"ಅದು ಇಂಗ್ಲಿಷ್ ಧರ್ಮ ಕಣಮ್ಮ," ಎಂದು ಅವನು ಚೀಟಿ ಹರಿದ.

ನನ್ನ ಮಗಳು ಮೈಸೂರಿನ ಪೀಜಿಯಲ್ಲಿದ್ದು ಓದುತ್ತಾಳೆ. ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಎಂದು ಅವಳು ಫೋನಿನಲ್ಲಿ ಗೋಳಾಡಿದ್ದೇ ತಡ, ದೊಡ್ಡಮ್ಮ ಚಕ್ಕುಲಿ ಡಬ್ಬಿಯೊಂದಿಗೆ ಹೊರಟರು. ಬಾಗಿಲಲ್ಲಿ ಮನೆಯೊಡತಿ ತಡೆದಳಂತೆ: "ಪೀಜಿ ಅಂದ್ರೆ ಪೇಯಿಂಗ್ ಗೆಸ್ಟ್ ಅಜ್ಜಿ. ಇಲ್ಲಿ ಗೆಸ್ಟ್‌ಗಳಿಗೆ ಪರ್ಮಿಷನ್ ಇಲ್ಲ."

"ಗೆಸ್ಟ್ ಅಂದ್ರೆ?"

"ನೆಂಟ್ರು."

"ನೆಂಟ್ರ ಮನೆ ಅಂತ ಬೋರ್ಡ್ ಆಕ್ಕೊಂಡು ನೆಂಟ್ರೇ ಬರಬೇಡಿ ಅಂದ್ರೆ ಎಂಗವ್ವಾ?"

ಸಂಜೆಯ ಹೊತ್ತಿಗೆ ಆ ಮನೆಯೊಡತಿಯೇ ಕೂದಲು ಬಿಚ್ಚಿಕೊಂಡು ದೊಡ್ಡಮ್ಮನ ಮುಂದೆ ಎಣ್ಣೆ ಹಚ್ಚಿಸಿಕೊಳ್ಳಲು ಕುಳಿತಿದ್ದಳು.

ಹೋದ ಮಳೆಗಾಲ ಅವರು ನಂಜನಗೂಡಿನ ನಮ್ಮ ಮನೆಯಲ್ಲಿದ್ದರು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರಿಂದ ಕಪಿಲೆ ಉಕ್ಕಿ ದಂಡೆಯ ಬೀದಿಗಳಿಗೆ ನುಗ್ಗಿತು. ಅಲ್ಲಿಯವರನ್ನೆಲ್ಲ ಒಂದು ಸಮುದಾಯ ಭವನಕ್ಕೆ ಸಾಗಿಸಿದರು. ಸುದ್ದಿ ಕೇಳಿ ದೊಡ್ಡಮ್ಮ ಚಾಪೆ ಸುತ್ತಿ, ಚೀಲಕ್ಕೆ ಸೀರೆ, ಕಂಬಳಿ ತುರುಕತೊಡಗಿದರು.

"ದೊಡ್ಡಮ್ಮಾ, ಅದು ಗಂಜಿ ಕೇಂದ್ರ. ನಮ್ಮನೆಗೆ ನೀರು ಬಂದಿಲ್ಲ!"

"ಬರೋಗಂಟ ಕಾಯ್ಬೇಕಾ?"

ಕೊಡೆ ಹಿಡಿದು ನಾನೂ ಹಿಂದೆ ಓಡಿದೆ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಗ್ರಾಮಲೆಕ್ಕಿಗರು ಯಾವ ಊರೆಂದು ಕೇಳಿದರು. ದೊಡ್ಡಮ್ಮ ಠೀವಿಯಿಂದ, "ನರಸೀಪುರ," ಎಂದರು.

"ಅಮ್ಮಾ, ಒಳೆ ಇಲ್ಲಿಂದ ಅಲ್ಲಿಗೆ ಅರಿಯೋದು. ನೀವೆಂಗೆ ಉಲ್ಟಾ ತೇಲ್ಕೊಂಡು ಬಂದ್ರಿ?"

ನಾನು ನಾಚಿಕೆಯಿಂದ ಕೊಡೆಯೊಳಗೆ ಮುಖ ಮರೆಸಿದೆ. ಆದರೆ ದೊಡ್ಡಮ್ಮನ ಕಣ್ಣು ಜಗಲಿಯ ಮೂಲೆಗೆ ಹೋಗಿತ್ತು. ಅಲ್ಲಿ ಎಳೆ ಬಾಣಂತಿಯೊಬ್ಬಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಎರಚಲು ಹೊಡೆಯುತ್ತಿದ್ದರೂ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ತಾಯಿ ಒಳಗೆ ಬಾ ಎಂದು ಅಂಗಲಾಚುತ್ತಿದ್ದಳು.

"ನನ್ನ ಮಗ ಗಂಜಿ ಕೇಂದ್ರದಲ್ಲಿ ಮಲಗಬೇಕಾ? ನಾಳೆ ಜನ ಅದನ್ನೇ ಎತ್ತಿ ಆಡಾಕಿಲ್ವಾ? ನಾ ಬರಾಕಿಲ್ಲ," ಎಂದಳು ಬಾಣಂತಿ.

ಲೆಕ್ಕಿಗರು ಮೆತ್ತಗೆ, "ಈಗ ಅಂಗನ್ನಂಗಿಲ್ಲ ಕಣಮ್ಮ. ಕಾಳಜಿ ಕೇಂದ್ರ ಅಂತ ಎಸ್ರು ಬದಲಾಯಿಸವ್ರೆ," ಎಂದರು.

"ಎಸ್ರು ಬದಲಾಯಿಸಿದ್ರೆ ಗಂಜಿ ಪಾಯಸ ಆಯ್ತದಾ ಸಾ?" ಎಂದು ಅವಳು ಬಿಕ್ಕಿದಳು.

ದೊಡ್ಡಮ್ಮ ಚಾಪೆ, ಚೀಲ ಎತ್ತಿಕೊಂಡರು. ಒಳಗೆ ಹೋಗಿ, ಗಾಳಿ ಬೀಸದ ಮೂಲೆ ಹುಡುಕಿ, ಕಿಟಕಿಯ ಸರಳಿನಿಂದ ಕಂಬಕ್ಕೆ ಹಗ್ಗ ಬಿಗಿದರು. ಚೀಲದಲ್ಲಿದ್ದ ಎರಡು ಸೀರೆಗಳನ್ನು ಅದರ ಮೇಲೆ ಇಳಿಬಿಟ್ಟರು. ತಮ್ಮ ಚಾಪೆ ಹಾಸಿ, ಅದರ ಮೇಲೆ ಕಂಬಳಿ ಹಾಸಿದರು. ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದವರಿಂದ ಹೆಂಚಿನ ಚೂರಿನ ಮೇಲೆ ಕೆಂಡ ತಂದು ಸಾಂಬ್ರಾಣಿ ಉದುರಿಸಿದರು. ಹೊಗೆ ಎದ್ದ ಮೇಲೆ ಜಗಲಿಗೆ ಬಂದು ಅವಳ ಪಾದ ಮುಟ್ಟಿ ನೋಡಿದರು.

"ಏಳವ್ವ. ಕಾಲು ಐಸಾಗವೆ. ಬಾಣಂತಿ ಕೋಣೆ ಬೆಚ್ಚಗದೆ, ಬಾ."

ಅವಳು ಕಣ್ಣೊರೆಸಿಕೊಂಡು ಕೇಳಿದಳು: "ಯಾರ ಮನೇದು?"

"ನಂದೇ ಕಣವ್ವ."

ಅವಳು ಎದ್ದಳು. ಸೀರೆಯ ಗೋಡೆ ಸರಿಸಿ ಒಳಗೆ ಹೋದಳು. ಮಗು ಒಂದಿಷ್ಟು ಅತ್ತು, ಹಾಲು ಕುಡಿದು ನಿದ್ದೆ ಹೋಯಿತು.

ಊಟ ಸಿದ್ಧವಾದಾಗ ಲೆಕ್ಕಿಗರು ಎಲ್ಲರನ್ನೂ ಕರೆಯಲು ಮೈಕು ಹಿಡಿದು ಬಂದರು. ಬಾಯಿ ತೆರೆದವರು ಆ ಮೂಲೆಯ ಕಡೆ ನೋಡಿದರು. ಮೈಕು ಕೆಳಗಿಟ್ಟರು. ಆಮೇಲೆ ಒಂದೊಂದೇ ಚಾಪೆಯ ಬಳಿ ಬಗ್ಗಿ, "ಏಳಿ, ಊಟಕ್ಕೇಳಿ," ಎಂದು ಪಿಸುಗುಟ್ಟುತ್ತ ಆ ಇಡೀ ಭವನವನ್ನು ಸುತ್ತಿದರು.