ಜಗಲಿಯ ಮೇಲಿನ ಲಕೋಟೆ

ನಮ್ಮ ಕಾಕಾನಿಗೆ ಜೀವನದಲ್ಲಿ ಒಂದು ನೌಕರಿಯೂ ಸಿಗಲಿಲ್ಲ. ಆದರೆ ನೌಕರಿ ಹುಡುಕುವ ಕೆಲಸದಿಂದ ಅವನಿಗೆ ಒಂದು ದಿನದ ರಜೆಯೂ ಸಿಗಲಿಲ್ಲ!

ಎಪ್ಪತ್ತರ ದಶಕದಲ್ಲಿ ನಾನು ಬಿ.ಎ. ಮುಗಿಸಿ ಅಣ್ಣಿಗೇರಿಗೆ ಬಂದಾಗ ಅವನು ಹೊಲಮನೆ ಮರೆತು ನನ್ನ ಬೆನ್ನು ಹತ್ತಿದ. ಹಿಂದೆ ಅವನಿಗೂ ಒಂದೇ ಒಂದು ಸಂದರ್ಶನದ ಕರೆ ಬಂದಿತ್ತಂತೆ. ಅದು ಯಾಕೆ ಕೈತಪ್ಪಿತು ಎಂದು ಕೇಳಿದರೆ ದಿನಕ್ಕೊಂದು ಕಾರಣ. ಒಮ್ಮೆ ಸಾಹೇಬನಿಗೆ ಕಾಕಾನ ಮೀಸೆ ಹಿಡಿಸಲಿಲ್ಲ. ಇನ್ನೊಮ್ಮೆ ಸಾಹೇಬನಿಗೆ ಮೀಸೆಯೇ ಇರಲಿಲ್ಲ, ಅದು ಕಾಕಾನಿಗೆ ಹಿಡಿಸಲಿಲ್ಲ!

ನನ್ನ ತಯಾರಿ ಶುರುವಾದದ್ದು ಪಡಸಾಲೆಯಲ್ಲಿ. ಜೋಳದ ಚೀಲದ ಮೇಲೆ ಕಾಕಾ ಸಾಹೇಬನಾಗಿ ಕುಳಿತ.

“ನಿಂತ ಇರು. ನಾ ಕೂಡ್ರು ಅಂದ ಮ್ಯಾಲೆ ಕೂಡ್ರಬೇಕು. ಕೇಳಿದ್ದಕ್ಕಷ್ಟ ಉತ್ತರ. ನಡುವ ಬಾಯಿ ಹಾಕಬ್ಯಾಡ.”

ದೇಶದೇಶಗಳ ರಾಜಧಾನಿಯಿಂದ ಹಿಡಿದು ಹತ್ತಿಯ ರೋಗದವರೆಗೆ ಕೇಳಿದ. ಒಂದು ತಾಸಾಯಿತು. ನಾನು ಮೆಲ್ಲಗೆ ಗೋಡೆಗೆ ಒರಗಿದೆ.

“ಕಾಕಾ, ನೀ ಕೂಡ್ರು ಅನ್ನಲೇ ಇಲ್ಲ.”

“ಹೌದಲ್ಲೋ! ಆದರ ಬಾಯಿ ಹಾಕಿದಿ. ಫೇಲ್!”

ಇನ್ನು ಅಂಚೆಯ ಕಥೆ. ಪೋಸ್ಟ್‌ಮನ್ ಓಣಿಗೆ ಬರುವತನಕ ಕಾಯುವ ಜೀವವೇ ಅದು? ಬೆಳಗಾದರೆ ಅಂಚೆ ಕಚೇರಿಯ ಕಟ್ಟೆಯ ಮುಂದೆ ಹಾಜರು.

“ಇವತ್ತೂ ಏನೂ ಇಲ್ಲರಿ, ಕಾಕಾ.”

“ಚೀಲ ಜಾಡಿಸಿ ನೋಡ್ರಿ.”

“ಜಾಡಿಸೇನ್ರಿ.”

“ತಿರುವಿ ಹಾಕಿ ಜಾಡಿಸ್ರಿ!”

“ಹಂಗಾರ ನೀವ ಇದರಾಗ ಇಳದು ಹುಡುಕ್ರಿ!”

ಕೈಗೆ ಸಿಕ್ಕ ಲಕೋಟೆಯನ್ನು ಅವನು ದಾರಿಯಲ್ಲೇ ಹರಿಯುತ್ತಿದ್ದ. ಒಮ್ಮೆ ಪಕ್ಕದ ಮನೆಯವರ ಲಗ್ನಪತ್ರಿಕೆಯನ್ನೂ ಹರಿದು ಓದಿ ಗೊಣಗಿದ: “ತಾರೀಖು ಐತಿ, ಹೊತ್ತು ಐತಿ, ಪಗಾರ ಎಷ್ಟಂತ ಮಾತ್ರ ಬರದಿಲ್ಲ!”

ಊರೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟೇಕೆ ಅವಸರ ಎಂದು ಮಾತ್ರ ಕೇಳಲಿಲ್ಲ.

ಮುಂದಿನದನ್ನು ನಾನು ಸರಿಯಾಗಿ ಹೇಳಬೇಕು. ಒಂದು ಶನಿವಾರ ಕಾಕಾ ಎತ್ತು ನೋಡಲು ನವಲಗುಂದಕ್ಕೆ ಹೋಗಿದ್ದ. ಅಂದೇ ನನ್ನ ಹೆಸರಿಗೆ ಸರ್ಕಾರದ ಲಕೋಟೆ ಬಂತು. ಸರ್ಕಾರದ ಕಾಗದವನ್ನು ಒಡೆಯದೆ ದೇವರ ಜಗಲಿಯ ಮೇಲಿಡಬೇಕು, ಸೋಮವಾರ ಪೂಜೆಯಾದ ಮೇಲೆಯೇ ತೆಗೆಯಬೇಕು ಎನ್ನುವುದು ನಮ್ಮ ಮನೆಯ ಹಳೆಯ ಪದ್ಧತಿ. ಕಾಕಾನ ಕಾಟದಲ್ಲಿ ಅದು ಮರೆತೇ ಹೋಗಿತ್ತು. ಕಾಕಾನ ತಾಯಿ, ನಮ್ಮ ಆಯಿ, ಆ ದಿನ ಊರಲ್ಲಿರಲಿಲ್ಲ. ಇಟ್ಟವನು ನಾನೇ. ಒಡೆಯಲು ನನಗೆ ಹೆದರಿಕೆಯಿತ್ತು, ಪದ್ಧತಿ ನೆಪವಾಯಿತು.

ಆಯಿ ಮತ್ತು ಕಾಕಾ ಇಬ್ಬರೂ ಮರಳಿದ್ದು ಭಾನುವಾರ ಸಂಜೆ. ವಿಭೂತಿ ಗಟ್ಟಿಯ ಕೆಳಗೆ ಲಕೋಟೆಯ ಅಂಚು ಕಂಡಿತು. ಕಾಕಾ ಬೈಯಲಿಲ್ಲ. ಕೈ ತೊಳೆಯದೆಯೇ ತೆಗೆದು ಹರಿದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಧಾರವಾಡದಲ್ಲಿ ಸಂದರ್ಶನ! ಪೂಜೆ ಮುಗಿಯುವವರೆಗೆ ಕಾದಿದ್ದರೆ ನಸುಕಿನ ಗಾಡಿ ಆಗಲೇ ಹೋಗಿರುತ್ತಿತ್ತು.

ಒಲೆಯ ಮುಂದೆ ಕುಳಿತಿದ್ದ ಆಯಿ ತಿರುಗದೆಯೇ ಹೇಳಿದಳು: “ಅವಂದೂ ಹಿಂಗ ಬಂದಿತ್ತು. ನಾನ ಜಗಲಿ ಮ್ಯಾಲೆ ಇಟ್ಟಿದ್ದೆ. ಸೋಮಾರ ಒಡದ್ವಿ. ಕರದಿದ್ದು ಅದರ ಹಿಂದಿನ ಶುಕ್ರಾರ.”

ಹಾಗಾದರೆ ಆ ಸಾಹೇಬ? ಆ ಮೀಸೆ? ಇಷ್ಟು ವರ್ಷ ದಿನಕ್ಕೊಂದರಂತೆ ಕಟ್ಟಿದ ಕಾರಣಗಳೆಲ್ಲ ಈ ಮುದುಕಿಯ ಮೇಲೆ ಒಂದು ಮಾತೂ ಬರಬಾರದೆಂದೇ?

“ಬಿಡಬೇ ಅವ್ವಾ,” ಎಂದ ಕಾಕಾ. “ಆ ನೌಕರಿ ಇದ್ದ ಊರಾಗ ಅಗದಿ ಸವಳು ನೀರಂತ. ಯಾರು ಕುಡೀಬೇಕು?”

ಮರುದಿನ ಅವನೂ ನನ್ನ ಜೊತೆ ಧಾರವಾಡಕ್ಕೆ ಬಂದ. ಮಡಿಸಿಟ್ಟ ಧೋತರ ಉಟ್ಟು ಕಚೇರಿಯ ಗೇಟಿನ ಹೊರಗೆ ನಿಂತ. ಎರಡು ತಾಸಿನ ಮೇಲೆ ನಾನು ಹೊರಬಂದಾಗಲೂ ಬಿಸಿಲಲ್ಲಿ ಹಾಗೆಯೇ ನಿಂತಿದ್ದ. ಪಕ್ಕದ ನೆರಳಲ್ಲಿ ಕಲ್ಲುಕಟ್ಟೆ ಖಾಲಿಯಿತ್ತು.

“ಕೂಡ್ರಬಾರದೇನು ಕಾಕಾ?”

“ಮೊದಲ ಹೇಳು. ಅವರು ನಿನಗ ಕೂಡ್ರು ಅಂದ್ರಿಲ್ಲೋ?”

“ಅಂದ್ರು. ಒಳಗ ಹೋದ ಕೂಡಲೇ ಅಂದ್ರು.”

ಕಾಕಾ ಧೋತರದ ಅಂಚು ಎತ್ತಿಕೊಂಡು, ನಿಧಾನಕ್ಕೆ, ಆ ಕಟ್ಟೆಯ ಮೇಲೆ ಕುಳಿತ.