ಹಿರಿಯೂರಿನ ರಕ್ತ, ಹೊಸದುರ್ಗದ ಬಾಯಿ

ಹೆಣ್ಣು ತರುವಾಗ ಎಲ್ಲರೂ ಮನೆತನ ವಿಚಾರಿಸುತ್ತಾರೆ, ಜಾತಕ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಮೊದಲು ಊರು ವಿಚಾರಿಸಿ. ಮನೆತನದ ಕೊಂಕು ಒಂದು ತಲೆಮಾರಿನಲ್ಲಿ ಸವೆಯುತ್ತದೆ. ಊರಿನ ಜಂಬ ಸವೆಯುವುದಿಲ್ಲ. ಹೊಳಲ್ಕೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಹೊಸದುರ್ಗದಿಂದ ಹೆಂಡತಿಯನ್ನು ತಂದವನ ಮಾತಿದು. ಬಿಟ್ಟಿ ಸಿಕ್ಕಿತೆಂದು ತಳ್ಳಿಹಾಕಬೇಡಿ. ಅಲ್ಯೂಮಿನಿಯಂ ಬೋಗುಣಿ ತಲೆಮೇಲೆ ಹೊತ್ತು ಸಂತೆ ಸಂತೆ ತಿರುಗಿ ಅಂಗಡಿ ಮಾಡಿದವನು ನಾನು. ಯಾವ ಊರಿನವರು ಯಾವ ಮಾತಿಗೆ ಬಗ್ಗುತ್ತಾರೆಂದು ಬಲ್ಲೆ. ಹಿರಿಯೂರಿನವರಿಗೆ ಮಾರಬೇಕಾದರೆ ‘ನಿಮ್ಮ ಡ್ಯಾಮಿನ ನೀರು ತುಂಬಿಡಾಕೆ ತಕ್ಕ ಕೊಡ’ ಎನ್ನಬೇಕು. ಹೊಸದುರ್ಗದವರಿಗೆ ‘ಹಿರಿಯೂರಿನೋರು ರೇಟು ಕೇಳಿ ಹಿಂದಕ್ಕೆ ಹೋದ್ರು’ ಎಂದರೆ ಸಾಕು. ನಮ್ಮೂರಿನವರಿಗೆ ಏನು ಹೇಳಿದರೂ ನಡೆಯುವುದಿಲ್ಲ. ಅವರಿಗೆ ನನ್ನ ಪರಿಚಯವಿದೆ. ಜಪಾನಿನ ಹಳ್ಳಿಗಳಲ್ಲೂ ಒಂದೂರಿನವರು ಪಕ್ಕದೂರಿನ ಮೂಲಂಗಿಯನ್ನು ಆಡಿಕೊಳ್ಳುತ್ತಾರೆಂದು ಪಾತ್ರೆಗೆ ಸುತ್ತಿ ಬಂದ ಹಳೇ ಪತ್ರಿಕೆಯಲ್ಲಿ ಓದಿದ್ದೆ. ಅಷ್ಟು ರೈಲು, ಅಷ್ಟು ರೇಡಿಯೊ ಮಾಡಿದವರನ್ನೇ ಬಿಡದ ರೋಗ ನಮ್ಮನ್ನು ಬಿಟ್ಟೀತೆ?

ನನ್ನ ಹೆಂಡತಿ ಶಾಂತಮ್ಮನ ತಮ್ಮ ತಿಪ್ಪೇಸ್ವಾಮಿಗೆ ಈ ರೋಗ ಮೂಳೆಗೆ ಇಳಿದಿತ್ತು. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುತ್ತಲೇ, “ಏನು ಭಾವ, ನಿಮ್ಮೂರಿಗೆ ರೈಲು ಬರ್ತೈತಂತೆ, ಅದ್ರಿಂದ ಯಾರೂ ಇಳಿಯಲ್ವಂತೆ” ಎನ್ನುವನು. “ಇಳಿಯೋರಿಗೆ ಊರು ಪಕ್ಕದಾಗೇ ಐತೆ ಕಣಪ್ಪ. ನಿಮ್ಮೂರ ಹೆಸರಿನ ಸ್ಟೇಷನ್‌ನಾಗೆ ಇಳಿದೋನು ನಿಮ್ಮೂರು ಎಲ್ಲೈತೆ ಅಂತ ಕೇಳ್ಬೇಕು” ಎಂದು ನಾನು ಒಮ್ಮೆ ಅಂದದ್ದಕ್ಕೆ ಊಟ ಬಿಟ್ಟು ಹೋಗಿದ್ದ. ಇಷ್ಟಾದರೂ ಹೊಳಲ್ಕೆರೆಯನ್ನು ಅವನು ಕ್ಷಮಿಸಬಲ್ಲವನಾಗಿದ್ದ, ಅಕ್ಕ ಇರುವ ಊರು. ಹಿರಿಯೂರನ್ನಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅವನ ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರಿಕೊಂಡ. ಚಿತ್ರದುರ್ಗದ ಆಸ್ಪತ್ರೆಗೆ ಹಾಕಿದೆವು. ಸಂಜೆಯೊಳಗೆ ರಕ್ತ ಕೊಡದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅವನದೋ ಸುಲಭಕ್ಕೆ ಸಿಗದ ಗುಂಪು. ಹೊಸದುರ್ಗದಿಂದ ಒಂದು ಟೆಂಪೋ ಜನ ಬಂದರು. ಊರಿನ ಮಾನಕ್ಕೆ ಪ್ರಾಣ ಕೊಡುವವರು. ರಕ್ತ ಎಂದೊಡನೆ ಒಬ್ಬೊಬ್ಬರಾಗಿ ಟೀ ಕುಡಿಯಲು ಹೋದರು. ಹೋಗದೆ ಉಳಿದವರ ರಕ್ತ ಹೊಂದಲಿಲ್ಲ. ಶಾಂತಮ್ಮನದೂ ಹೊಂದಲಿಲ್ಲ, ನನ್ನದೂ ಇಲ್ಲ.

ಹೊಂದಿದ್ದು ಪಕ್ಕದ ಮಂಚದವರದು. ಅಲ್ಲಿ ತೊಡೆ ಮುರಿದುಕೊಂಡು ಮಲಗಿದ್ದವನನ್ನು ನೋಡಿಕೊಳ್ಳಲು ಬಂದಿದ್ದ ಅವನ ತಮ್ಮ ಕರಿಯಣ್ಣ, ಹಿರಿಯೂರಿನ ಕಡೆಯ ಕುರಿಯವನು. ಅಣ್ಣನ ಆಪರೇಷನ್ನಿಗೆಂದು ಮುಂಚೆಯೇ ಅವನ ರಕ್ತ ನೋಡಿದ್ದರಿಂದ ಗುಂಪು ಗೊತ್ತಿತ್ತು. ಬಂದಾಗಿನಿಂದ ಅವನಿಗೂ ತಿಪ್ಪೇಸ್ವಾಮಿಗೂ ಊರಿನ ಮೇಲೆ ಜಗಳ ನಡೆದೇ ಇತ್ತು. ನಾನು ಜೇಬಿಗೆ ಕೈ ಹಾಕಿಕೊಂಡೇ ಹೋದೆ.

“ದುಡ್ಡು ಒಳಗಿಟ್ಕಳ್ರಿ ಸಾವ್ಕಾರ್ರೆ,” ಎಂದ ಕರಿಯಣ್ಣ. “ಕುರಿಗೆ ಬೆಲೆ ಕಟ್ತೀನಿ, ರಕ್ತಕ್ಕಲ್ಲ. ನಿಮ್ಮ ಭಾಮೈದ ಒಂದೇ ಮಾತು ಅಂದ್ಬಿಡ್ಲಿ. ಹೊಸದುರ್ಗಕ್ಕಿಂತ ಹಿರಿಯೂರು ಮೇಲು ಅಂತ. ತೋಳು ಚಾಚ್ತೀನಿ.”

ಬೆಲೆ ಕಿವಿಗೆ ಬಿದ್ದಮೇಲೆ ಇಳಿಸದೆ ಇರುವುದು ನನ್ನ ಕೈಲಾಗದು. “ಮೇಲು ಅನ್ನೋದು ಜಾಸ್ತಿ ಆತು ಕರಿಯಣ್ಣ. ಸಮ ಅಂತ ಇಟ್ಕಳಾಣ.”

“ಸಮ ಅಂದ್ರೆ ನಂಗೇನು ಉಳೀತು?”

“ಊರು ಬ್ಯಾಡ. ನೀರು ಮೇಲು ಅನ್ಲಿ.”

ಅವನು ಕಂಬಳಿ ಸರಿಮಾಡಿಕೊಂಡು ಯೋಚಿಸಿದ. “ಆತು, ನೀರು. ಆದ್ರೆ ಬಾಯಿ ಬಿಟ್ಟು ಅನ್ಬೇಕು.”

ಇಡೀ ಊರನ್ನು ನೀರಿಗೆ ಇಳಿಸಿದ ಹೆಮ್ಮೆಯಲ್ಲಿ ನಾನು ತಿಪ್ಪೇಸ್ವಾಮಿಯ ಕಡೆ ಬಗ್ಗಿದೆ. ಹೊಸದಾಗಿ ಕಲಾಯಿ ಹಾಕಿದ ಪಾತ್ರೆಯಂತೆ ಮುಖ ಬೆಳ್ಳಗಾಗಿತ್ತು. ಚಿತ್ರದುರ್ಗದ ನಲ್ಲಿಗೆ ಬರುವುದು ಹಿರಿಯೂರಿನ ಡ್ಯಾಮಿನ ನೀರೇ. ಶಾಂತಮ್ಮ ಅವನ ತುಟಿ ಒದ್ದೆ ಮಾಡುತ್ತಿದ್ದುದೂ ಅದರಲ್ಲೇ.

“ಬರೀ ನೀರು ಕಣಪ್ಪ. ಹಿರಿಯೂರಿನ ನೀರು ಚೆನ್ನಾಗೈತೆ ಅಂದ್ಬಿಡು.”

ಅವನು ಕಣ್ಣು ತೆರೆದ. “ಉಪ್ಪು” ಎಂದ.

ಶಾಂತಮ್ಮನ ಕೈಯಲ್ಲಿ ಅವನ ರಕ್ತ ಒರೆಸಿದ ಟವಲ್ಲು ಇತ್ತು. “ಲೇ ತಿಪ್ಪೇಶಿ, ನಾನು ನಿನ್ನ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಅಂದ್ಬಿಡೋ” ಎಂದಳು. ಅವನು ಕಣ್ಣು ಮುಚ್ಚಿಕೊಂಡ.

ನಾನು ಕರಿಯಣ್ಣನ ಕಡೆ ತಿರುಗಿದೆ. “ಅಂದ ಕಣಪ್ಪ. ದನಿ ಇಲ್ಲ ಪಾಪ, ನನಗಷ್ಟೇ ಕೇಳಿಸ್ತು.”

ಕರಿಯಣ್ಣ ನನ್ನನ್ನೇ ನೋಡಿದ. ಬಿಂದಿಗೆಯನ್ನು ಬೆರಳಲ್ಲಿ ಬಡಿದು ಬಿರುಕಿದೆಯೋ ಎಂದು ಕಿವಿಗೊಡುವ ಗಿರಾಕಿಯ ನೋಟ. ಆಮೇಲೆ ಅಂಗಿಯ ತೋಳು ಮಡಚುತ್ತ ನರ್ಸಮ್ಮನ ಹಿಂದೆ ಹೋದ.

ತಿಪ್ಪೇಸ್ವಾಮಿ ಬದುಕಿದ. ಎಚ್ಚರವಾದಾಗ ಅವನ ಕಿವಿಗೆ ಮೊದಲು ಬಿದ್ದದ್ದು, ತೊಡೆ ಮುರಿದವನು ಮಲಗಿದ್ದಲ್ಲಿಂದಲೇ ವಾರ್ಡಿಗೆಲ್ಲ ಹೇಳುತ್ತಿದ್ದ ಸುದ್ದಿ: ಹೊಸದುರ್ಗದೋನು ಒಪ್ಕಂಡ. ಅಂದಿನಿಂದ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. “ರಕ್ತ ಕೊಡ್ಸಿದ್ದು ಸರಿ. ನನ್ನ ಬಾಯಿ ಯಾಕೆ ಮಾರ್ದ ನಿನ್ನ ಗಂಡ” ಎಂದನಂತೆ ಅಕ್ಕನಿಗೆ. ಜೀವ ಉಳಿಸಿದವನಿಗೆ ಸಿಗುವ ಕೂಲಿ ಇಷ್ಟೇ ಎಂದು ನಾನು ಗಿರಾಕಿಗಳಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದೆ.

ಕೆಲವು ವರ್ಷದ ಮೇಲೆ ಅದೇ ಹುಣ್ಣು ಮತ್ತೆ ಒಡೆಯಿತು. ಈ ಸಲ ಚಿತ್ರದುರ್ಗ ಮುಟ್ಟುವ ಮೊದಲೇ, ದಾರಿಯಲ್ಲಿ ಹೋಗಿಬಿಟ್ಟ. ಹೆಣದ ಮುಂದೆ ಕುಳಿತ ಅವನ ಊರಿನವನೊಬ್ಬ, “ಹಿರಿಯೂರಿನ ರಕ್ತ, ಎಷ್ಟು ದಿನ ಬಾಳಿಕೆ ಬಂದೀತು” ಎಂದ.

ಮಣ್ಣಿಗೆ ಕರಿಯಣ್ಣನೂ ಬಂದಿದ್ದ. ತಿಪ್ಪೇಸ್ವಾಮಿಯ ಹೆಂಡತಿ ಅವನನ್ನು ಕಂಡು ಅಳು ಜೋರು ಮಾಡಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಎಲ್ಲ ಮುಗಿದ ಮೇಲೆ ಅವನು ನನ್ನ ಪಕ್ಕ ಕುಳಿತ.

“ಆಸ್ಪತ್ರೆಯಿಂದ ಬಿಟ್ಟ ಮ್ಯಾಲೆ ನಿಮ್ಮ ಭಾಮೈದ ನಮ್ಮ ಹಟ್ಟಿಗೆ ಬಂದಿದ್ದ ಸಾವ್ಕಾರ್ರೆ. ಬಿಸಿಲಾಗೆ ನಡ್ಕಂಡು. ‘ನಾನು ಆ ಮಾತು ಅಂದಿಲ್ಲ, ನಮ್ಮ ಭಾವ ಸುಳ್ಳು ಹೇಳ್ದ’ ಅಂದ.”

“ನೀನೇನಂದೆ?”

“ಅವತ್ತೇ ಗೊತ್ತಿತ್ತು ಅಂದೆ. ಹೊಸದುರ್ಗದೋನು ಅಂತಾನೇನ್ರಿ ಅಂಥಾ ಮಾತು. ಸಾಯೋಂಗಾದ್ರೂ ಅನ್ನಲ್ಲ ಅಂತಾನಲ್ಲ, ಇಂಥೋನು ಬದುಕಿರ್ಲಿ ಅಂತ್ಲೇ ರಕ್ತ ಕೊಟ್ಟಿದ್ದು. ಮುದ್ದೆ ಉಂಡ. ಸಾರು ಉಪ್ಪು ಅಂದ. ಆಮ್ಯಾಲೆ ವರ್ಷಾ ವರ್ಷಾ ಬರ್ತಿದ್ದ, ಜಗಳ ಆಡಾಕೆ.” ಅವನು ಕಂಬಳಿಯಂಚಿನಲ್ಲಿ ಮುಖ ಒರೆಸಿಕೊಂಡ. “ಇನ್ನು ಯಾರ ತಾವ ಆಡ್ಲಿ.”

ಹೊಳಲ್ಕೆರೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಶಾಂತಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಏನಾದರೂ ಆಗಲಿ, ಅಂದಿನ ವ್ಯಾಪಾರ ನಾನು ಕುದುರಿಸದಿದ್ದರೆ ಅವನಿಗೆ ಇಷ್ಟು ವರ್ಷವೂ ಸಿಗುತ್ತಿರಲಿಲ್ಲ ಎಂದು ಅವಳಿಗೆ ತಿಳಿಹೇಳಿದೆ.

“ನಿಮಗೆ ರಕ್ತ ಬೇಕಾದ್ರೆ ಏನೂ ತೊಂದ್ರೆ ಇಲ್ಲ ಬಿಡ್ರಿ,” ಎಂದಳು ಅವಳು, ತಿರುಗದೆಯೇ. “ಹೊಳಲ್ಕೆರೆ ಕೀಳು ಅಂತ ಯಾರೂ ನಿಮ್ಮ ಬಾಯಾಗೆ ಅನ್ಸಬೇಕಾಗಿಲ್ಲ. ಅವ್ರು ಕೇಳೋಕಿಂತ ಮುಂಚೆ ನೀವೇ ಅಂದಿರ್ತೀರಿ.”

ಮೈಯೆಲ್ಲ ಉರಿಯಿತು. ನಮ್ಮೂರಿನ ಪರವಾಗಿ ಗಟ್ಟಿಯಾಗಿ ಒಂದು ಮಾತು ಆಡಿಯೇ ಬಿಡೋಣವೆಂದು ಬಾಯಿ ತೆರೆದೆ. ನೋಡಿದರೆ ಬಸ್ಸಿನ ತುಂಬ ಹೊಸದುರ್ಗದವರೇ ಇದ್ದರು. ಮದುವೆ ಕಾಲ, ಪಾತ್ರೆ ಕೊಳ್ಳುವ ಜನ. ಬಾಯಿ ಮುಚ್ಚಿಕೊಂಡೆ.