ಕರಿಕೆ ಹಚ್ಚಿದ ಮಾಸ್ತರು

೧. ಶೋಭೆ

ಆ ದಿನ ಗುರುವಾರ. ಎರಡನೆಯ ತಾಸಿನಲ್ಲಿ ಎಂಟನೆಯ ವರ್ಗಕ್ಕೆ ಬೀಜಗಣಿತ ಹೇಳುತ್ತಿದ್ದೆ. ಮನೆಯಿಂದ ಹೊರಡುವಾಗ ನನ್ನ ಹೆಂಡತಿ, ಸಂಜೆಗೆ ಪಾವುಸೇರು ಪುಟಾಣಿ ತನ್ನಿರಿ ಎಂದಿದ್ದಳು. ತಾಸು ಮುಗಿಯುವ ಮೊದಲೇ ಬಾಜು ಮನೆಯ ಕಾಕಾ ಬಂದು ವರ್ಗದ ಬಾಗಿಲಲ್ಲಿ ನಿಂತರು. ಅವಳು ಒಲೆಯ ಮುಂದೆ ಕುಳಿತಲ್ಲೇ ಹೋಗಿದ್ದಳು. ನವಲಗುಂದದಿಂದ ಬಂದ ಡಾಕ್ಟರರು ಎದೆಯ ಬೇನೆ ಎಂದರು.

ಸರಕಾರಿ ನೌಕರಿಯಲ್ಲಿರುವವನ ಮನೆಯಲ್ಲಿ ಏನೇ ಆಗಿರಲಿ, ಕಚೇರಿಯ ಕಾಗದಗಳು ತಮ್ಮ ತಮಾಷೆ ನಿಲ್ಲಿಸುವುದಿಲ್ಲ. ದಿನಕರ್ಮ ಮುಗಿಸಿ ಶಾಲೆಗೆ ಹೋದ ದಿನವೇ ಹೆಡ್‌ಮಾಸ್ತರರು ಒಂದು ಫೈಲು ನನ್ನ ಮುಂದೆ ಇಟ್ಟರು.

"ಶಾಲಿ ಮುಂದ ತೋಟ ಮಾಡ್ಸಬೇಕಂತ ಹುಕುಂ ಬಂದದ. ಮೀಟಿಂಗ್ ಆದಾಗ ನೀವು ರಜಾದಾಗ ಇದ್ರಿ. ಹಿಂಗಾಗಿ ಕೆಲಸ ನಿಮಗ ಬಂತು."

ಮೀಟಿಂಗಿಗೆ ಬಾರದವರ ಹೆಸರಿಗೆ ಕೆಲಸ ಹಚ್ಚುವುದು ನಮ್ಮ ಶಾಲೆಯ ರೂಢಿ. ನಾನೂ ಹಿಂದೆ ಹಲವರಿಗೆ ಹಚ್ಚಿದವನೇ. ಆದ್ದರಿಂದ ಫೈಲು ತೆಗೆದುಕೊಂಡು, ನನ್ನ ಜೇಬಿನಲ್ಲಿದ್ದ ವರ್ಗಾವಣೆಯ ಅರ್ಜಿ ತೆಗೆದು ಅವರ ಮುಂದೆ ಇಟ್ಟೆ. ಆ ಮನೆಯಲ್ಲಿ ಒಲೆ ಹೊತ್ತಿಸುವುದು ನನ್ನಿಂದ ಆಗುತ್ತಿರಲಿಲ್ಲ. ಧಾರವಾಡವೋ ಕುಂದಗೋಳವೋ, ಎಲ್ಲಿಗಾದರೂ ಸರಿ.

ಅವರು ಓದಿದರು. "ಕಳಸ್ತೀನ್ರಿ. ಆದ್ರ ಹೆಸರಿನ ಮ್ಯಾಲ ಕೆಲಸ ಬಾಕಿ ಇದ್ದವರ ಅರ್ಜಿ ಮ್ಯಾಲಿನವರು ಮುಟ್ಟಂಗಿಲ್ಲ. ತೋಟ ಮುಗಸ್ರಿ, ಮರುದಿನ ನಾನs ಟಪಾಲಿಗೆ ಹಾಕ್ತೀನಿ."

"ಎಂಥಾ ತೋಟ ಸರ್?"

ಅವರು ಹುಕುಮನ್ನು ಬೆಳಕಿಗೆ ಹಿಡಿದು ಓದಿದರು. "ಶೋಭಾ ಬರುವಂಥಾದ್ದು."

"ಯಾವುದಕ್ಕ ಶೋಭಾ?"

"ಅದನ್ನ ಬರದಿಲ್ಲ."

೨. ಬಿಲ್ಲೆ

ನವಲಗುಂದದಲ್ಲಿ ಒಬ್ಬ ಹೂವಿನ ಮಾಲಿ ಇದ್ದ. ಅವನು ಒಣಕೋಲು ನೆಟ್ಟರೂ ಚಿಗುರುತ್ತದೆ ಎಂಬ ಹೆಸರಿತ್ತು. ಅವನನ್ನು ಕರೆಸಿದೆ. ಸೈಕಲ್ಲಿನ ಮೇಲೆ ಬಂದು ಶಾಲೆಯ ಅಂಗಳ ಸುತ್ತಿ, ಮಣ್ಣು ಮೂಸಿ ನೋಡಿ, "ಮುನ್ನೂರು ರೂಪಾಯಿ ಕೊಡ್ರಿ, ಹದಿನೈದು ದಿನದಾಗ ಮುಗಸ್ತೀನಿ" ಎಂದ. ಹದಿನೈದು ದಿನ ಎಂದಾಗ ನನಗೆ ಮೊದಲ ಸಲ ಉಸಿರು ಸರಾಗವಾಯಿತು.

ಆದರೆ ಹುಕುಮಿನಲ್ಲಿ, ಕೆಲಸವನ್ನು ಲೈಸೆನ್ಸ್ ಇದ್ದವರಿಂದಲೇ ಮಾಡಿಸತಕ್ಕದ್ದು ಎಂದಿತ್ತು. ಕೇಳಿದೆ.

"ಗಿಡಾ ಹಚ್ಚಾಕೂ ಲೈಸೆನ್ಸ್ ಬೇಕೇನ್ರಿ? ಬಂದೂಕಕ್ಕ ಬೇಕು ಅಂತ ಕೇಳಿದ್ದೆ."

"ನಿಮ್ಮ ಕಡೆ ಯಾವುದಾದರೂ ಐತೇನು?"

ಅವನು ಬಹಳ ಹೊತ್ತು ವಿಚಾರ ಮಾಡಿ, ಸೈಕಲ್ಲಿನ ಬಳಿಗೆ ಹೋಗಿ, ಅದಕ್ಕೆ ಕಟ್ಟಿದ್ದ ಪುರಸಭೆಯ ಹಿತ್ತಾಳೆ ಬಿಲ್ಲೆ ಬಿಚ್ಚಿಕೊಂಡು ಬಂದ. "ಇದೊಂದ ಐತ್ರಿ."

ನಾನು ಸುಳ್ಳು ಬರೆಯುವವನಲ್ಲ. ಬಿಲ್ಲೆಯ ನಂಬರು ಬರೆದು, 'ಇದು ಸೈಕಲ್ಲಿನ ಲೈಸೆನ್ಸು, ಮಾಲಿಯ ಬಳಿ ಬೇರೆ ಯಾವುದೂ ಇಲ್ಲ. ಆದರೂ ಕೆಲಸ ಬಲ್ಲವನು, ಒಪ್ಪಿಗೆ ಕೊಡಬೇಕು' ಎಂದು ವಿನಂತಿಸಿ ಮೇಲಿನ ಕಚೇರಿಗೆ ಕಳಿಸಿದೆ. ಒಂದೂವರೆ ತಿಂಗಳಿಗೆ ಉತ್ತರ ಬಂತು:

'ಸದರಿ ಲೈಸೆನ್ಸಿನ ಮುದತು ಮುಗಿದಿರುತ್ತದೆ. ನವೀಕರಿಸಿ ಕಳಿಸುವುದು.'

೩. ಹಸಿರು ಕಂಬ

ಕೊನೆಗೆ ಲೈಸೆನ್ಸ್ ಇದ್ದ ಗುತ್ತಿಗೆದಾರರೊಬ್ಬರು ಸಿಕ್ಕರು. ಅವರ ಲೈಸೆನ್ಸು ರಸ್ತೆಗೆ ಮತ್ತು ಸಣ್ಣ ಸೇತುವೆಗೆ. ಶುಭ್ರ ಧೋತರ ಉಟ್ಟು ಅಂಗಳದ ನಡುವೆ ನಿಂತು ಕೇಳಿದರು:

"ಮಾಸ್ತರ್ರ, ನಿಮ್ಮ ತೋಟ ಎಲ್ಲಿಂದ ಎಲ್ಲೀತನಾ ಹೋಗ್ತೈತ್ರಿ?"

"ಅದು ಎಲ್ಲಿಗೂ ಹೋಗೂದಿಲ್ಲ. ಇಲ್ಲೇ ಇರತೈತಿ."

ಅವರಿಗೆ ಇದು ಸಮಾಧಾನವಾಗಲಿಲ್ಲ. ದರಪಟ್ಟಿಯ ಪುಸ್ತಕ ತೆಗೆದು ಇಬ್ಬರೂ ಕುಳಿತೆವು. ಅದರಲ್ಲಿ ಗರಸು ಮಣ್ಣು ಹಾಕುವುದಕ್ಕೆ ದರವಿತ್ತು, ರೋಲರ್ ಓಡಿಸುವುದಕ್ಕೆ ದರವಿತ್ತು, ಮೈಲುಗಲ್ಲಿಗೂ ಇತ್ತು. ಗಿಡಕ್ಕೆ ಇರಲಿಲ್ಲ. ದರವಿಲ್ಲದ ವಸ್ತುವಿಗೆ ಬಿಲ್ಲು ಆಗದು. ಬಿಲ್ಲು ಆಗದಿದ್ದರೆ ತೋಟ ಮುಗಿದಂತಾಗದು.

"ಕಂಬಕ್ಕ ದರ ಐತಿ ನೋಡ್ರಿ," ಎಂದರು ಗುತ್ತಿಗೆದಾರರು. "ಗಿಡಾ ಅಂದ್ರೂ ನಿಂತಿರತೈತಿ, ಕಂಬಾ ಅಂದ್ರೂ ನಿಂತಿರತೈತಿ."

ಹೀಗೆ ಸುತ್ತಲೂ ಗರಸಿನ ದಾರಿ, ದಾರಿಯ ಬದಿಗೆ 'ಹಸಿರು ಕಂಬ, ಎತ್ತರ ಎರಡು ಅಡಿ, ಸಂಖ್ಯೆ ಹತ್ತು' ಮಂಜೂರಾದವು. ಗುತ್ತಿಗೆದಾರರು ದಾಸವಾಳ ಹಚ್ಚಿದರು. ಮಳೆಗಾಲ ಮುಗಿಯಿತು. ಅಳತೆಗೆ ಓವರಸಿಯರ್ ಸಾಹೇಬರು ಟೇಪು ಹಿಡಿದು ಬಂದರು, ಮೊದಲನೆಯ ಗಿಡ ಅಳೆದರು, ಮುಖ ಗಂಟು ಹಾಕಿದರು.

"ಏನ್ರಿ ಇದು? ಮಂಜೂರಿ ಎರಡು ಅಡಿ. ಇಲ್ಲಿ ಮೂರೂಕಾಲು ಐತಿ!"

"ಬೆಳದಾವ್ರಿ ಸಾಹೇಬರ," ಎಂದೆ.

"ಯಾರ ಹುಕುಂ ಮ್ಯಾಲ ಬೆಳದ್ವು?"

ಗುತ್ತಿಗೆದಾರರು ಒಂದೂಕಾಲು ಅಡಿ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಬಿಲ್ಲು ಬರಬೇಕೆಂದು ಅಲ್ಲೇ ಅರ್ಜಿ ಬರೆದರು.

೪. ಅಮಾವಾಸ್ಯೆ

ಇನ್ನು ಉಳಿದದ್ದು ನಡುವಿನ ಜಾಗ, ಮೂವತ್ತಕ್ಕೆ ನಲವತ್ತು ಅಡಿ. ಅಲ್ಲಿ ಹುಲ್ಲು ಹಾಸಬೇಕು. ಅಷ್ಟಾದರೆ ತೋಟ ಮುಗಿಯಿತು, ನನ್ನ ಅರ್ಜಿ ಟಪಾಲಿಗೆ ಹೋಯಿತು. ಹುಕುಮಿನಲ್ಲಿ ಹುಲ್ಲಿನ ಜಾತಿಯನ್ನು ಸ್ಪಷ್ಟವಾಗಿ ಬರೆದಿದ್ದರು: ಕರಿಕೆ.

ನಮ್ಮ ಕಡೆಯ ಕರಿಮಣ್ಣಿನ ಎರಿಭೂಮಿಯಲ್ಲಿ ಕರಿಕೆ ಎಂದರೇನು ಎಂಬುದನ್ನು ಹೇಳಬೇಕು. ಅದರ ಬೇರು ಆಳು ಉದ್ದ ಇಳಿಯುತ್ತದೆ, ಹತ್ತಿಯನ್ನೂ ಜೋಳವನ್ನೂ ಮೇಲೇಳಗೊಡುವುದಿಲ್ಲ. ಬೇಸಗೆಯುದ್ದಕ್ಕೂ ರೈತರು ಅದನ್ನು ಅಗಿಯುತ್ತಾರೆ. ಹೊಲದಲ್ಲಿ ಕರಿಕೆ ಇದೆ ಎಂದರೆ ಆ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ.

ಊರ ಸುತ್ತ ಕರಿಕೆಗೆ ಬರವಿರಲಿಲ್ಲ. ಆದರೆ ಹೊಲದ ಕರಿಕೆಗೆ ಪಾವತಿ ರಸೀದಿ ಕೊಡುವವರಿಲ್ಲ. ಆದ್ದರಿಂದ ಗುತ್ತಿಗೆದಾರರು ಬಮ್ಮಿಗಟ್ಟಿಯ ಕಡೆಯಿಂದ, ಪಾವತಿಯ ಸಮೇತ, ಲಾರಿಯಲ್ಲಿ ಕರಿಕೆ ತರಿಸಿದರು. ಲಾರಿ ಊರೊಳಗೆ ಬಂದಾಗ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.

ಬೇರು ಹಚ್ಚುವಾಗ ನಾನು ಸಾಲು ಸರಿಯಿದೆಯೇ ಎಂದು ನೋಡುತ್ತ ನಿಂತಿದ್ದೆ. ಸಂಜೆ ಕೊಡದಲ್ಲಿ ನೀರು ಹಾಕಿದೆ. ಬೇಲಿಯಾಚೆ ಒಬ್ಬ ಅಜ್ಜಿ ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು:

"ಕರಿಕಿಗೆ ನೀರು ಹಾಕಾಕ ಹತ್ಯಾನಲ್ಲೇ! ಪಾಪ, ಹೇಣ್ತಿ ಹೋದಮ್ಯಾಲ ತಲಿ ನಿಂತಿಲ್ಲ ಮಾಸ್ತರ್ಗೆ."

ಮರುದಿನದಿಂದ ಒಬ್ಬೊಬ್ಬರಾಗಿ ಬಂದರು. ಒಬ್ಬರು ಮಜ್ಜಿಗೆ ತಂದರು. ಮತ್ತೊಬ್ಬರು ತಾಯಿತ ತಂದರು. ಬಾಜು ಮನೆಯ ಕಾಕಾ ದಿನಾ ಸಂಜೆ ಬಂದು ಕುಳಿತು, ಏನೂ ಮಾತಾಡದೆ, ಎಲೆ ಹಾಕಿಕೊಂಡು ಹೋಗುತ್ತಿದ್ದರು. ನಾನು ಹುಕುಂ ಓದಿ ತೋರಿಸಿದೆ. ಅದನ್ನೂ ನಾನೇ ಬರೆದುಕೊಂಡದ್ದು ಎಂದು ಅವರು ತಿಳಿದರೆಂದು ಕಾಣುತ್ತದೆ.

ಕರಿಕೆ ಅಗದಿ ಚಲೋ ಹಬ್ಬಿತು. ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ಅಳತೆ ಎಂದು ಓವರಸಿಯರ್ ಸಾಹೇಬರ ಕಾಗದ ಬಂತು. ನಾನು ಶನಿವಾರ ಸಾಮಾನು ಕಟ್ಟಿಟ್ಟು, ಊರು ಬಿಡುವ ಸುದ್ದಿಯನ್ನು ಅಣ್ಣನಿಗೆ ತಿಳಿಸಲು ಅವನಿದ್ದ ಹುಬ್ಬಳ್ಳಿಗೆ ಹೋದೆ. ರವಿವಾರ ಅಮಾವಾಸ್ಯೆ. ಆ ದಿನ ಯಾರೂ ಎತ್ತು ಹೂಡುವುದಿಲ್ಲ. ಊರಿನ ಗಂಡಸರೆಲ್ಲ ಖಾಲಿ.

ಸೋಮವಾರ ಬೆಳಿಗ್ಗೆ ಬಸ್ಸು ಇಳಿದು ನೇರವಾಗಿ ಶಾಲೆಗೆ ಬಂದೆ. ಮೂವತ್ತಕ್ಕೆ ನಲವತ್ತು ಅಡಿ ಜಾಗ ಮೊಣಕಾಲುದ್ದ ಅಗೆದು ಕರ್ರಗೆ ಬಿದ್ದಿತ್ತು. ಪಕ್ಕದಲ್ಲಿ ಕರಿಕೆಯ ಬಣವೆ. ಇಪ್ಪತ್ತು ಜನ ಗುದ್ದಲಿ ಹಿಡಿದು, ಮದುವೆಗೆ ಬಂದವರಂತೆ ನಗುತ್ತ ನಿಂತಿದ್ದರು. ಕಾಕಾ ಮುಂದೆ ಬಂದರು.

"ಒಂದ ಬೇರು ಬಿಟ್ಟಿಲ್ರಿ ಮಾಸ್ತರ್ರ. ನಿಮ್ಮ ಕೈಲೆ ಆಗಂಗಿಲ್ಲ ಅಂತ ನಾವ ಮಾಡಿದ್ವಿ. ಪಗಾರ ಬ್ಯಾಡ. ತಿರ್ಲಾಪುರದಿಂದ ನನ್ನ ಅಳಿಯಾನೂ ಬಂದಿದ್ದ."

ಅಷ್ಟರಲ್ಲಿ ಓವರಸಿಯರ್ ಸಾಹೇಬರು ಬಂದರು. ಟೇಪು ಬಿಚ್ಚಿದರು, ಅಳೆಯಲು ಏನೂ ಇರಲಿಲ್ಲ, ಮತ್ತೆ ಸುತ್ತಿದರು.

"ಅಗಿಯೂದು ಅಂದಾಜಿನಾಗ ಇಲ್ಲ. ಯಾರ ಲೈಸೆನ್ಸಿನ ಮ್ಯಾಲ ಅಗದೀರಿ?"

ಕಾಕಾ ಗುದ್ದಲಿ ಮುಂದೆ ಹಿಡಿದರು. "ನಮ್ಮಪ್ಪಂದ್ರಿ. ಕಾವಿನ ಕಟಗಿ ಅಷ್ಟ ಹೊಸಾದು."

ನನ್ನ ಎದೆಯಿಂದ ಏನೋ ಸದ್ದು ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಗುತ್ತಿದ್ದೆ. ನಿಲ್ಲಿಸಲು ಆಗದೆ ಬಣವೆಯ ಮೇಲೆ ಕುಳಿತೆ. ಹೆಡ್‌ಮಾಸ್ತರರು ನೀರು ತರಿಸಿದರು.

ಮಧ್ಯಾಹ್ನ ಅವರು ನನ್ನನ್ನು ಒಳಗೆ ಕರೆದರು. "ಇನ್ನ ಹೊಸಾ ಅಂದಾಜುಪತ್ರಿಕೆ ಆಗಬೇಕು. ಮತ್ತ ಒಂದು ವರ್ಷ. ನಿಮಗ ಸಾಕಾಗಿರಬೇಕು. ಫೈಲು ಡ್ರಾಯಿಂಗ್ ಮಾಸ್ತರ ಹೆಸರಿಗೆ ಹಚ್ಚತೀನಿ, ಅವರು ಇವತ್ತು ರಜಾದಾಗ ಇದ್ದಾರ. ನಿಮ್ಮ ಅರ್ಜಿ ಇವತ್ತs ಕಳಸೂಣು."

ನಾನು ಅರ್ಜಿಯನ್ನು ಮಡಚಿ ಮತ್ತೆ ಜೇಬಿಗೆ ಹಾಕಿ, ಫೈಲನ್ನು ನನ್ನ ಕಡೆ ಎಳೆದುಕೊಂಡು, ಪೆನ್ನು ಕೇಳಿದೆ.

ಹೊಸ ಅಂದಾಜುಪತ್ರಿಕೆಯಲ್ಲಿ ಹುಲ್ಲಿನ ಕಲಮಿನ ಎದುರು ಹನ್ನೆರಡು ಬೇವಿನ ಸಸಿ ಎಂದು ಬರೆದೆ.